ಬೆರಳಗಲಕ್ಕೆ ನಾಲ್ಕು ತೂತು

ಮೂವತ್ತೊಂದು ವರ್ಷ ಹೆಂಗಸರ ಬಟ್ಟೆ ಹೊಲಿದವನು ನಾನು. ಅಂಥವನು ಒಂದು ಭಾನುವಾರ ಬೆಳಿಗ್ಗೆ ಐದು ಜನರ ಎದುರು ಕೂತು, ಸೂಜಿ ಹಿಡಿದೇ ಗೊತ್ತಿಲ್ಲ ಎಂದುಬಿಟ್ಟೆ. ಆಮೇಲೆ ಆದದ್ದೆಲ್ಲ ಆ ಒಂದು ಮಾತಿಗೆ ಬೆಳೆದ ಬಾಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಹೇಳದೆ ಇಟ್ಟುಕೊಂಡದ್ದರಿಂದಲೇ ಇಷ್ಟೆಲ್ಲ ಕೆಟ್ಟದ್ದು, ಆದ್ದರಿಂದ ಹೇಳುತ್ತೇನೆ.

ಟೈಲರನನ್ನು ಹೊಗಳಲು ಅಂಗಡಿಗೆ ವಾಪಸು ಬಂದವರನ್ನು ನಾನು ಕಂಡಿಲ್ಲ. ಬಂದರೆ ದೂರು ಹೊತ್ತೇ ಬರುತ್ತಾರೆ. ಕಂಕುಳಲ್ಲಿ ಹಿಡಿಯುತ್ತದೆ, ಕತ್ತು ಜಾರುತ್ತದೆ, ಹೇಳಿದ ದಿನಕ್ಕೆ ಕೊಡಲಿಲ್ಲ. ಬಟ್ಟೆ ಮೈಗೆ ಚೆನ್ನಾಗಿ ಕೂತರೆ ಅದು ಮೈಕಟ್ಟಿನ ಹೆಚ್ಚುಗಾರಿಕೆ, ಕೂರದಿದ್ದರೆ ಟೈಲರನ ತಪ್ಪು. ಹೀಗೆ ಮೂರು ದಶಕ ಕಳೆದ ಮೇಲೆ ಮನುಷ್ಯನಿಗೆ ಒಂದು ಹಸಿವು ಹುಟ್ಟುತ್ತದೆ. ಅದು ಇಂಥ ಹಸಿವು ಎಂದು ನನಗೂ ಗೊತ್ತಿರಲಿಲ್ಲ.

ಒಂದು ದಿನ ಗಿರಾಕಿಯೊಬ್ಬಳು ತನ್ನ ಚರ್ಮದ ಕೈಚೀಲವನ್ನು ನನ್ನ ಕತ್ತರಿಸುವ ಮೇಜಿನ ಮೇಲಿಟ್ಟಳು. ಅದರ ಅಂಚಿನ ಹೊಲಿಗೆ ಮಿಷನ್ನಿನದಲ್ಲ. ಒಂದೊಂದು ಹೊಲಿಗೆಯೂ ಒಂದೇ ಓರೆಯಲ್ಲಿ, ಅಕ್ಕಿಕಾಳು ಜೋಡಿಸಿಟ್ಟ ಹಾಗೆ ಕೂತಿತ್ತು. ಅಳತೆ ತೆಗೆಯುವುದು ಬಿಟ್ಟು ಅದನ್ನೇ ತಿರುವಿ ನೋಡುತ್ತ ನಿಂತೆ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬರು ಮೇಷ್ಟ್ರು ಭಾನುವಾರ ಹವ್ಯಾಸಕ್ಕೆಂದು ಬರುವವರಿಗೆ ಕಲಿಸುತ್ತಾರೆ, ಅಲ್ಲೇ ಕಲಿತದ್ದು ಎಂದಳು. ನನಗೆ ಆ ವಾರವೆಲ್ಲ ಅದೇ ಗುಂಗು.

ಹೆಂಡತಿಗೆ ಹೇಳಿದಾಗ ಅವಳು ಗುಂಡಿಗಳ ಡಬ್ಬಿಯಿಂದ ತಲೆ ಕೂಡ ಎತ್ತಲಿಲ್ಲ.

"ವಾರಪೂರ್ತಿ ಹೊಲೀತೀರಿ, ಭಾನುವಾರ ಹವ್ಯಾಸಕ್ಕೂ ಹೊಲಿಗೇನೇ? ಮೀನು ರಜೆ ಹಾಕಿ ಈಜೋಕೆ ಹೋದ ಹಾಗಾಯ್ತು."

ಹೋದೆ. ಮರದ ಮೆಟ್ಟಿಲು ಹತ್ತಿದರೆ ಉದ್ದನೆಯ ಕೋಣೆ, ಒಂದು ಬದಿಗೆ ಕಿಟಕಿ, ನಡುವೆ ಚಾಕುವಿನ ಗೀರುಗಳಿಂದ ತುಂಬಿದ ದಪ್ಪ ಮೇಜು. ಕೋಣೆ ತುಂಬ ಹದ ಮಾಡಿದ ಚರ್ಮದ, ಜೇನುಮೇಣದ ವಾಸನೆ. ಗೋಡೆಗೆ ಹೊಡೆದ ಮೊಳೆಗಳಲ್ಲಿ ಸುತ್ತಿಗೆ, ಅರ್ಧಚಂದ್ರದ ಚಾಕು, ತೂತು ಕೊರೆಯುವ ಆರೆಗಳು, ತೂತಿನ ಜಾಗ ಗುರುತು ಹಾಕಲು ಫೋರ್ಕಿನ ಹಾಗೆ ಹಲ್ಲುಗಳಿದ್ದ ಉಳಿಗಳು. ಮೇಷ್ಟ್ರು ಹಿಂದೆ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದರಂತೆ. ಅದಕ್ಕೇ ಎಲ್ಲರೂ ಅವರನ್ನು ಜೀನು ಮೇಷ್ಟ್ರು ಎನ್ನುತ್ತಿದ್ದರು. ಮಾತು ಬಹಳ ಕಡಿಮೆ. ಒಂದು ಮಾತಾಡಿದರೆ ಅದರ ಜೊತೆ ಎರಡು ಸಲ ಕೆಮ್ಮುತ್ತಿದ್ದರು.

ಕಲಿಯಲು ಬಂದವರು ನನ್ನನ್ನೂ ಸೇರಿ ಐದು ಜನ. ಕಾಲೇಜಿನ ಇಬ್ಬರು ಗೆಳತಿಯರಿಗೆ ಮೊಬೈಲಿಗೆ ಚೀಲ ಬೇಕಿತ್ತು. ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸಿಗೆ ಪುಸ್ತಕಕ್ಕೆ ಹೊದಿಕೆ. ನಾಲ್ಕನೆಯವನು ಬಸ್ ಡ್ರೈವರ್. ಅಗಲವಾದ ಆಳು, ಕೈಗಳಂತೂ ಮೊರದಷ್ಟು. ಅವನ ಹೆಂಡತಿಗೆ ಲಕ್ವ ಹೊಡೆದು ಎಡಗಡೆ ಸ್ವಾಧೀನ ತಪ್ಪಿತ್ತು. ಸೊಂಟಕ್ಕೆ ಪಟ್ಟಿ ಕಟ್ಟಿ, ಹಿಂದಿನ ಹಿಡಿ ಹಿಡಿದು ದಿನವೂ ನಡೆಸಬೇಕು, ಈ ಕೆಲವು ತಿಂಗಳಲ್ಲಿ ನಡೆದರೆ ನಡೆದಳು, ಇಲ್ಲವಾದರೆ ಕಾಲು ಹಾಗೇ ಉಳಿಯುತ್ತದೆ ಎಂದಿದ್ದರಂತೆ ಡಾಕ್ಟರು. ಆಸ್ಪತ್ರೆಯವರು ಕೊಟ್ಟ ಬಟ್ಟೆಯ ಪಟ್ಟಿಯನ್ನು ಅವಳು ಕಟ್ಟಗೊಡುತ್ತಿರಲಿಲ್ಲ. ಮೂಟೆ ಎತ್ತುವ ಪಟ್ಟಿ ಅದು, ನಾನೇನು ಮೂಟೆಯೇ ಎನ್ನುತ್ತಿದ್ದಳಂತೆ. ಅದಕ್ಕೆ ಇವನೇ ಚರ್ಮದಲ್ಲಿ ಒಂದು ಚೆಂದದ ಬೆಲ್ಟು ಹೊಲಿಯಬೇಕೆಂದು ಬಂದಿದ್ದ. ಸ್ಟಿಯರಿಂಗ್ ಬಿಟ್ಟು ಬೇರೇನೂ ಹಿಡಿದವನಲ್ಲ, ತಪ್ಪಾದರೆ ಬೈಯಿರಿ ಎಂದ.

ಮುಂದಿನ ಸರದಿ ನನ್ನದು.

"ನನಗೂ ಅಷ್ಟೇ, ಸೂಜಿ ಹಿಡಿದೇ ಗೊತ್ತಿಲ್ಲ," ಎಂದೆ. "ಅಂಗಿ ಗುಂಡಿ ಕಿತ್ತುಬಂದ್ರೂ ಮನೆಯವಳೇ ಹಾಕಬೇಕು."

ಡ್ರೈವರ್ ನನ್ನ ಕಡೆ ತಿರುಗಿ ನಕ್ಕ. ಪಾಪದವನಿಗೆ ಜೊತೆ ಸಿಕ್ಕಿದ ನಗು. ಅವನಿಗೆ ಮುಜುಗರವಾಗದಿರಲಿ ಎಂದು ಹಾಗೆ ಹೇಳಿದೆ ಅಂತ ಎಷ್ಟೋ ದಿನ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಶುದ್ಧ ಸುಳ್ಳು. ಟೈಲರ್ ಎಂದು ಹೇಳಿದ್ದರೆ ನನ್ನ ಹೊಲಿಗೆ ನೆಟ್ಟಗಿರುವುದರಲ್ಲಿ ಯಾರಿಗೂ ಆಶ್ಚರ್ಯವಿರುತ್ತಿರಲಿಲ್ಲ. ನನಗೆ ಆ ಆಶ್ಚರ್ಯ ಬೇಕಾಗಿತ್ತು.

ಆ ದಿನ ಮೇಷ್ಟ್ರು ಹೊಲಿಗೆ ತೋರಿಸಿದರು. ಒಂದೇ ದಾರ, ಅದರ ಎರಡು ತುದಿಗೂ ಒಂದೊಂದು ಮೊಂಡು ಸೂಜಿ. ದಾರಕ್ಕೆ ಮೇಣ ತಿಕ್ಕಿ, ಚರ್ಮವನ್ನು ಮರದ ಇಕ್ಕಳಕ್ಕೆ ಸಿಕ್ಕಿಸಿ, ಇಕ್ಕಳವನ್ನು ತೊಡೆಗಳ ನಡುವೆ ಹಿಡಿದು ಕೂರಬೇಕು. ಆರೆಯಿಂದ ಕೊರೆದ ಒಂದೊಂದು ತೂತಿನಲ್ಲೂ ಎರಡು ಸೂಜಿ ಎದುರುಬದುರಾಗಿ ಹಾಯಬೇಕು. ಮಿಷನ್ ಹೊಲಿಗೆ ಒಂದು ಕಡೆ ಹರಿದರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ, ಇದು ಹಾಗಲ್ಲ, ಒಂದು ಬದಿಯ ದಾರ ಹರಿದರೂ ಇನ್ನೊಂದು ಬದಿ ಹಿಡಿದಿರುತ್ತದೆ ಎಂದರು. ತೂತಿನ ಲೆಕ್ಕವನ್ನೂ ಆಗಲೇ ಹೇಳಿದರು.

"ಬೆರಳಗಲಕ್ಕೆ ನಾಲ್ಕು ತೂತು. ಐದು ಬೇಡ. ಬಟ್ಟೇಲಿ ಸೂಜಿ ನೂಲನ್ನ ಸರಿಸಿ ದಾರಿ ಮಾಡ್ಕೊಳುತ್ತೆ. ತೊಗಲಲ್ಲಿ ತೂತು ಅಂದ್ರೆ ತೂತೇ, ಮತ್ತೆ ಕೂಡಲ್ಲ."

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆದರೆ ಒಳಗೊಳಗೇ, ಇದು ಎಳೆಯ ಕೈಗಳಿಗೆ ಹೇಳುವ ಮಾತು ಎಂದುಕೊಂಡೆ. ಹೊಲಿಗೆ ಹತ್ತಿರವಾದಷ್ಟೂ ಗಟ್ಟಿ, ಸಣ್ಣದಾದಷ್ಟೂ ಚೆಂದ ಎಂಬುದು ನನಗೆ ಅನ್ನ ಕೊಟ್ಟ ಪಾಠ. ಅದನ್ನು ಮರೆಯುವುದು ಹೇಗೆ?

ಕಸುಬನ್ನು ಮುಚ್ಚಿಡುವುದೂ ಸುಲಭವಿರಲಿಲ್ಲ. ಕೈ ಆಗಾಗ ಕತ್ತಿನಲ್ಲಿಲ್ಲದ ಟೇಪನ್ನು ಹುಡುಕುತ್ತಿತ್ತು. ಎರಡು ತುಂಡು ಚರ್ಮ ಜೋಡಿಸುವಾಗ ಪಿನ್ನು ಚುಚ್ಚಲು ಹೋಗಿ, ಮೇಷ್ಟ್ರು ಗೋಂದಿನ ಡಬ್ಬಿ ಮುಂದೆ ತಳ್ಳಿದಾಗ ಎಚ್ಚರವಾಯಿತು. ಹೊಲಿಗೆ ಮುಗಿದಾಗ ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದೆ. ಮೇಷ್ಟ್ರು ಆಗ ನನ್ನ ಮುಖವನ್ನೊಮ್ಮೆ ನೋಡಿದರು. ಹೊಲಿಗೆ ನೋಡಿ ಬೆರಗಾಗಿದ್ದಾರೆ ಎಂದುಕೊಂಡು ಉಬ್ಬಿದೆ.

ಗೆಳತಿಯರು ನನ್ನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಮೊದಲನೇ ದಿನವೇ ಹೀಗಾ ಎಂದರು. ಅಂದಿನಿಂದ ನನಗೆ 'ವರದ ಕೈ' ಎಂದೇ ಹೆಸರು. ಡ್ರೈವರ್ ನನ್ನದನ್ನು ತನ್ನದರ ಪಕ್ಕ ಇಟ್ಟು ಬಹಳ ಹೊತ್ತು ನೋಡಿದ. ಅವನ ಹೊಲಿಗೆ ಮೇಲಕ್ಕೂ ಕೆಳಕ್ಕೂ ಹೋಗಿತ್ತು. ಹೆಬ್ಬೆರಳಿಗೆ ಆರೆ ಚುಚ್ಚಿ ಒಂದು ಕಡೆ ರಕ್ತದ ಕಲೆಯೂ ಇತ್ತು. ನಾನು ದಿನಾ ಓಡಿಸೋ ಬೆಟ್ಟದ ರಸ್ತೆ ಇದು ಎಂದು ಅವನೇ ನಗೆಯಾಡಿದ. ಎಲ್ಲರೂ ನಕ್ಕೆವು. ಮೇಷ್ಟ್ರು ಮಾತ್ರ ನನ್ನ ತುಂಡು ಮುಟ್ಟಿ ನೋಡಿ "ಹೂಂ" ಎಂದರು, ಅಷ್ಟೇ. ಮುದುಕನಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಐದು ಭಾನುವಾರ ಹೀಗೇ ಕಳೆಯಿತು. ಅನುಮಾನ ಬಾರದಿರಲಿ ಎಂದು ನಡುನಡುವೆ ಬೇಕೆಂದೇ ಒಂದೆರಡು ಹೊಲಿಗೆ ಸೊಟ್ಟ ಹಾಕಿ, ಛೆ ಎಂದು ತಲೆ ಕೊಡವುತ್ತಿದ್ದೆ. ಪರವಾಗಿಲ್ಲ ಬಿಡಿ, ನಿಮಗೂ ತಪ್ಪಾಗುತ್ತಲ್ಲ ಎಂದು ಗೆಳತಿಯರು ಸಮಾಧಾನ ಮಾಡುತ್ತಿದ್ದರು. ಆ ಸಮಾಧಾನವನ್ನೂ ನಾಚಿಕೆಯಿಲ್ಲದೆ ತೆಗೆದುಕೊಂಡೆ. ಮನೆಗೆ ಬಂದು ಹೆಂಡತಿಗೆ ಎಲ್ಲ ವರದಿ ಮಾಡುತ್ತಿದ್ದೆ, ಸುಳ್ಳಿನ ಸಮೇತ. ಅವಳು ಮೊದಲು ನಕ್ಕಳು, ಆಮೇಲೆ ನಗುವುದನ್ನು ಬಿಟ್ಟಳು. ಡ್ರೈವರ್ ಮಾತ್ರ ವಾರದಿಂದ ವಾರಕ್ಕೆ ಕುಗ್ಗುತ್ತಿದ್ದ. ಬೆಟ್ಟದ ರಸ್ತೆಯ ನಗೆಚಾಟಿಕೆ ನಿಂತಿತು. ಹೊಲಿಯುವಾಗ ತನ್ನ ಕೆಲಸಕ್ಕಿಂತ ಹೆಚ್ಚಾಗಿ ನನ್ನ ಕೈಯನ್ನೇ ನೋಡುತ್ತಿದ್ದ.

ಆರನೆಯ ಭಾನುವಾರ ತರಗತಿ ಮುಗಿದ ಮೇಲೆ ಅವನು ಮೆಟ್ಟಿಲ ಮೇಲೆ ನನಗಾಗಿ ಕಾದಿದ್ದ. ಕೈಯಲ್ಲಿ ಬೆಲ್ಟಿಗೆಂದು ಕತ್ತರಿಸಿದ ಚರ್ಮ, ಹಿಡಿಯ ತುಂಡುಗಳು.

"ನನ್ನ ಕೈಲಿ ಆಗಲ್ಲ ಅಣ್ಣಾ. ನಾವಿಬ್ರೂ ಒಂದೇ ದಿನ ಶುರು ಮಾಡಿದ್ವಿ. ನಿಮ್ಮದು ನೋಡಿ, ನನ್ನದು ನೋಡಿ. ಇದನ್ನ ನೀವೇ ಹೊಲಿದುಕೊಡಿ. ಅವಳಿಗೆ ದಿನ ಮೀರ್ತಾ ಇದೆ."

ಬಾಯಿ ಬಿಡಬೇಕಾಗಿದ್ದ ಗಳಿಗೆ ಅದು. ನಾನು ಟೈಲರ್ ಮಾರಾಯ, ನನ್ನ ಜೊತೆ ಹೋಲಿಸಿಕೊಳ್ಳಬೇಡ ಎಂದಿದ್ದರೆ ಮುಗಿಯುತ್ತಿತ್ತು. ನಾನೇನು ಮಾಡಿದೆ? ಅದಕ್ಕೇನಂತೆ, ಕೊಡಿ ಎಂದೆ. ಮೆಟ್ಟಿಲಿಳಿಯುವಾಗ ನಾನು ನೆಲದ ಮೇಲಿರಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಕೆಲಸಕ್ಕೆ ಕೂತೆ. ಚರ್ಮ ಒಳ್ಳೆಯದೇ, ಬೆನ್ನಿನ ಭಾಗದ್ದು, ಎಳೆದರೆ ಹಿಗ್ಗದ್ದು. ಹಿಡಿಯನ್ನು ಬೆಲ್ಟಿಗೆ ಸೇರಿಸುವ ಜಾಗದಲ್ಲಿ ನನ್ನ ಕೈಚಳಕವೆಲ್ಲ ತೋರಿಸಬೇಕೆಂದು ಪೇಟೆಯಿಂದ ಸಣ್ಣ ಹಲ್ಲಿನ ಉಳಿ ತಂದಿದ್ದೆ. ಬೆರಳಗಲಕ್ಕೆ ಒಂಬತ್ತು ತೂತು ಬಂತು. ಅದೂ ಎರಡೆರಡು ಸಾಲು. ಮುಗಿದಾಗ ಆ ಹೊಲಿಗೆ ಗೆರೆ ಎಳೆದ ಹಾಗಿತ್ತು. ಅಷ್ಟು ಚೆಂದದ ಕೆಲಸವನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಹೆಂಡತಿ ಬಂದು ನೋಡಿ, ಆ ಮನುಷ್ಯನಿಗೆ ನಿಜ ಹೇಳಿದಿರಾ ಎಂದು ಕೇಳಿದಳು. ಹೇಳೋಣ ಬಿಡು ಎಂದೆ.

ಬೆಲ್ಟನ್ನು ಬೀದಿಯಲ್ಲೇ ಕೊಟ್ಟೆ, ಸೈಕಲ್ ಅಂಗಡಿಯ ಮುಂದೆ. ಡ್ರೈವರ್ ಅದರ ಮೇಲೆ ಹೆಬ್ಬೆರಳು ಆಡಿಸಿ, ಮೇಷ್ಟ್ರಿಗೆ ತೋರಿಸೋಣ ಬನ್ನಿ ಎಂದು ಮೆಟ್ಟಿಲಿಗೆ ಕಾಲಿಟ್ಟ. ನಾನು ತಡೆದೆ. ಒಬ್ಬರ ಕೆಲಸ ಇನ್ನೊಬ್ಬರು ಮಾಡಿದರೆ ಅವರಿಗೆ ಆಗದು, ಬೈಯುತ್ತಾರೆ ಎಂದೆ. ಮೇಷ್ಟ್ರು ಹಾಗೆ ಎಂದೂ ಹೇಳಿರಲಿಲ್ಲ. ಅವರು ಬೆರಳಿಟ್ಟು ತೂತು ಎಣಿಸುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಅಲ್ಲಿಂದ ಡ್ರೈವರ್ ತರಗತಿಗೆ ಬರುವುದನ್ನು ಬಿಟ್ಟ. ಮತ್ತೆ ಬಂದದ್ದು ಮೂರು ವಾರ ಕಳೆದ ಮೇಲೆ, ಎಲ್ಲರೂ ಇಕ್ಕಳ ಹಿಡಿದು ಕೂತಿದ್ದಾಗ. ಕೂರಲಿಲ್ಲ. ಕಾಗದದ ಪೊಟ್ಟಣವೊಂದನ್ನು ನನ್ನ ಮುಂದಿಟ್ಟು, ನಿಂತುಕೊಂಡೇ ಹೇಳಿದ. ಹನ್ನೊಂದು ದಿನ ಬಹಳ ಚೆನ್ನಾಗಿ ನಡೆದಳಂತೆ, ಮುಂಬಾಗಿಲವರೆಗೂ ಬಂದಿದ್ದಳಂತೆ. ಹನ್ನೆರಡನೆಯ ದಿನ ಬಚ್ಚಲ ಹೊಸ್ತಿಲಲ್ಲಿ ಕಾಲು ಜಾರಿತು. ಇವನು ಹಿಡಿ ಎಳೆದುಕೊಂಡ. ಹಿಡಿ ಕೈಗೆ ಬಂತು, ಹೆಂಡತಿ ನೆಲಕ್ಕೆ ಬಿದ್ದಳು. ಮೂಳೆ ಮುರಿದಿಲ್ಲ, ಮಣಿಕಟ್ಟು ಉಳುಕಿದೆ, ಸೊಂಟ ಕಪ್ಪುಗಟ್ಟಿದೆ. ಆದರೆ ಆವತ್ತಿನಿಂದ ಮಂಚ ಬಿಟ್ಟು ಕಾಲು ಕೆಳಗಿಡಲು ಒಪ್ಪುತ್ತಿಲ್ಲ. ಕಾಲು ಮತ್ತೆ ಮರಗಟ್ಟುತ್ತಿದೆ ಎಂದಿದ್ದಾರೆ ಡಾಕ್ಟರು.

ಆಮೇಲೆ ಅವನು ನನ್ನ ಕಡೆ ತಿರುಗಿದ.

"ತಪ್ಪು ನನ್ನದೇ ಅಣ್ಣಾ. ಒರಟು ಕೈ. ನೀವು ಅಷ್ಟು ನಾಜೂಕಾಗಿ ಹೊಲಿದದ್ದನ್ನ ಎಳೆದು ಹರಿದುಬಿಟ್ಟೆ. ಕ್ಷಮಿಸಿ."

ಪೊಟ್ಟಣ ಬಿಚ್ಚಿದೆ. ದಾರ ಒಂದೂ ಹರಿದಿರಲಿಲ್ಲ. ಹರಿದದ್ದು ಚರ್ಮ, ನನ್ನ ತೂತುಗಳ ಸಾಲಿನುದ್ದಕ್ಕೂ, ಹಾಳೆಯಿಂದ ಅಂಚೆಚೀಟಿ ಕಿತ್ತ ಹಾಗೆ. ಹರಿದ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳು ಸಾಲಾಗಿ ನಿಂತಿದ್ದವು. ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು.

ಈಗ ಬರೆಯುವ ಮಾತು ನನಗೆ ಎಲ್ಲಕ್ಕಿಂತ ಕಷ್ಟದ್ದು. ಅಷ್ಟೆಲ್ಲ ತಿಳಿದ ಮೇಲೆ, ಆ ಮನುಷ್ಯ ಎದುರಿಗೆ ಕೈ ಜೋಡಿಸಿಕೊಂಡು ನಿಂತಿರುವಾಗ, ನಾಲ್ಕು ಜನ ನೋಡುತ್ತಿರುವಾಗ, ನಾನು ಹೇಳಿದೆ:

"ಪರವಾಗಿಲ್ಲ ಬಿಡಿ. ಮುಂದಿನ ಸಲ ಸ್ವಲ್ಪ ನಿಧಾನಕ್ಕೆ ಹಿಡೀರಿ."

ಅವನು ಆಗಲಿ ಎಂದು ತಲೆಯಾಡಿಸಿದ. ಮನೆಯಲ್ಲಿ ಅವಳೊಬ್ಬಳೇ ಇದ್ದಾಳೆ ಎಂದು ಹೇಳಿ ಇಳಿದುಹೋದ.

ಮೇಷ್ಟ್ರು ಎದ್ದುಬಂದು ಬೆಲ್ಟನ್ನು ತೆಗೆದುಕೊಂಡರು. ಹರಿದ ಸಾಲಿನ ಮೇಲೆ ತೋರುಬೆರಳು ಅಡ್ಡ ಇಟ್ಟು, ತುಟಿ ಅಲುಗಿಸುತ್ತ ಎಣಿಸಿದರು. ಬೆಲ್ಟನ್ನು ತಮ್ಮ ಪಕ್ಕದಲ್ಲಿಟ್ಟುಕೊಂಡೇ ತರಗತಿ ಮುಗಿಸಿದರು. ನಾನು ತಲೆ ತಗ್ಗಿಸಿ ಏನೋ ಹೊಲಿದೆ, ಏನೆಂದು ನೆನಪಿಲ್ಲ. ಎಲ್ಲರೂ ಹೋದ ಮೇಲೆ ನಾನೂ ಎದ್ದೆ.

"ಕೂತ್ಕೊಳ್ಳಿ ಟೈಲರ್ರೇ," ಎಂದರು.

ಕೂತೆ. ಯಾರು ಹೇಳಿದರು ಎಂದು ಕೇಳಿದೆ. ಅವರು ತಮ್ಮ ಮುಂದಿನ ಹಲ್ಲನ್ನು ಬೆರಳಿನಿಂದ ತಟ್ಟಿ ತೋರಿಸಿದರು. ನನ್ನ ಮೇಲಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿದೆ. ಮೂವತ್ತೊಂದು ವರ್ಷ ದಾರ ಕಚ್ಚಿ ಕಚ್ಚಿ ಸವೆದದ್ದು. ಮೊದಲನೇ ದಿನ ನಾನು ದಾರ ಕಚ್ಚಿದಾಗಲೇ ಅದು ಅವರ ಕಣ್ಣಿಗೆ ಬಿದ್ದಿತ್ತು.

"ನಾಲ್ಕು ಜನರ ಮುಂದೆ ನಿಮ್ಮ ಮಾನ ಯಾಕೆ ಕಳೀಲಿ ಅಂತ ಸುಮ್ಮನಿದ್ದೆ. ಯಾರಿಗೂ ನಷ್ಟ ಇಲ್ಲದ ಸುಳ್ಳು ಅಂದ್ಕೊಂಡೆ. ಅದು ನನ್ನ ತಪ್ಪು," ಎಂದು ಎರಡು ಸಲ ಕೆಮ್ಮಿದರು.

ಆಮೇಲೆ ಮೇಜಿನ ಖಾನೆ ಎಳೆದು ಎರಡು ಬೆರಳಗಲದ ಒಂದು ತುಂಡನ್ನು ನನ್ನ ಕೈಗಿಟ್ಟರು. ಡ್ರೈವರ್ ಮೊದಲನೇ ದಿನ ಹೊಲಿದದ್ದು, ರಕ್ತದ ಕಲೆಯದು. ಎಳೆಯಿರಿ ಎಂದರು. ಎಳೆದೆ. ಇಕ್ಕಳಕ್ಕೆ ಸಿಕ್ಕಿಸಿ ಎರಡೂ ಕೈಯಿಂದ ಎಳೆದೆ. ಆ ಸೊಟ್ಟ ಹೊಲಿಗೆ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಆತನಿಗೆ ನೋಡಲು ಚೆಂದ ಬರುತ್ತಿರಲಿಲ್ಲ, ಅಷ್ಟೇ, ಎಂದರು ಮೇಷ್ಟ್ರು.

ಆ ತುಂಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದವನೇ ಹೊಸ ಚರ್ಮ ಹರಡಿದೆ. ಈ ಸಲ ಬೆರಳಗಲಕ್ಕೆ ನಾಲ್ಕೇ ತೂತು ಹಾಕಿ, ಗಟ್ಟಿಯಾದ ಬೆಲ್ಟು ಹೊಲಿದು, ಹರಿದದ್ದಕ್ಕೆ ಬದಲು ಎಂದು ಕೊಟ್ಟುಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಲೆಕ್ಕ. ಹೆಂಡತಿ ಬಂದು ಎದುರು ಕೂತಳು. ಅವಳಿಗೆ ನಡೆದದ್ದೆಲ್ಲ ಹೇಳಿದೆ, ನಿಧಾನಕ್ಕೆ ಹಿಡಿಯಿರಿ ಎಂದದ್ದನ್ನೂ ಬಿಡದೆ. ಅವಳು ನನ್ನ ಕೈಯಿಂದ ಚಾಕು ತೆಗೆದು ಪಕ್ಕಕ್ಕಿಟ್ಟಳು.

"ಅವರು ತಮ್ಮ ಕೈಗೇ ಶಾಪ ಹಾಕ್ಕೊಂಡು ಕೂತಿರೋವಾಗ ನೀವು ಇನ್ನೊಂದು ಚೆಂದದ ಬೆಲ್ಟ್ ತಗೊಂಡ್ಹೋಗಿ ಕೊಡ್ತೀರಾ?"

ಹರಡಿದ ಚರ್ಮವನ್ನು ಸುತ್ತಿಟ್ಟೆ.

"ಈಗಲೇ ಹೋಗಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ. ಅದು ವಾಪಸ್ ಬರಲಿ ಅಂತ ಹೋಗಬೇಡಿ. ಅವರ ಹತ್ರ ತಗೊಂಡದ್ದನ್ನ ಅವರಿಗೆ ಕೊಡೋಕೆ ಹೋಗಿ."

ಮನೆ ಪತ್ತೆಯಾಗಲು ಕಷ್ಟವಾಗಲಿಲ್ಲ, ಬಸ್ ಡಿಪೋದ ಹಿಂದಿನ ಬೀದಿ. ಎರಡೇ ಕೋಣೆ. ಒಳಗೆ ಹೆಜ್ಜೆಯಿಟ್ಟವನು ನೆಲ ನೋಡಿ ನಿಂತೆ. ಮಂಚದಿಂದ ಬಾಗಿಲವರೆಗೆ ಸೀಮೆಸುಣ್ಣದ ಗುರುತುಗಳು. ಮಂಚದ ಬಳಿ 'ಡಿಪೋ' ಎಂದು ಬರೆದಿತ್ತು. ಕುರ್ಚಿಯ ಬಳಿ, ಕಿಟಕಿಯ ಬಳಿ ಒಂದೊಂದು ಸ್ಟಾಪು. ಬಚ್ಚಲ ಹತ್ತಿರ 'ಎರಡು ನಿಮಿಷ ವಿಶ್ರಾಂತಿ'. ಮುಂಬಾಗಿಲಲ್ಲಿ 'ಕೊನೆಯ ಸ್ಟಾಪ್, ಎಲ್ಲರೂ ಇಳಿಯಿರಿ.' ಹೆಂಡತಿಯನ್ನು ನಗಿಸಿ ನಡೆಸಲು ಅವನು ಮಾಡಿದ ಉಪಾಯ ಅದು. ಅಕ್ಷರಗಳು ಮಾಸಿದ್ದವು, ಮತ್ತೆ ಯಾರೂ ತಿದ್ದಿರಲಿಲ್ಲ.

ಅವನ ಹೆಂಡತಿ ದಿಂಬಿಗೊರಗಿ ಕೂತಿದ್ದಳು, ಮಣಿಕಟ್ಟಿಗೆ ಪಟ್ಟಿ. ವರದ ಕೈ ಇವರೇನಾ ಎಂದು ಕೇಳಿದಳು. ಮಾತು ಸ್ವಲ್ಪ ತೊದಲುತ್ತಿತ್ತು, ಕಣ್ಣು ಮಾತ್ರ ಚುರುಕು. ಡ್ರೈವರ್ ಕುರ್ಚಿ ಎಳೆದ. ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಎನ್ನಿಸಿತು.

"ನಾನು ಟೈಲರ್," ಎಂದೆ. "ಮೂವತ್ತೊಂದು ವರ್ಷದಿಂದ ಹೊಲೀತಾ ಇದ್ದೀನಿ."

ತಮಾಷೆ ಎಂದುಕೊಂಡು ಅವನು ನಗಲು ಹೊರಟ. ನನ್ನ ಮುಖ ನೋಡಿ ನಿಲ್ಲಿಸಿದ. ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಹೊಗಳಿಕೆಯ ಆಸೆಗೆ ಸುಳ್ಳು ಹೇಳಿದ್ದು, ಬೇಕೆಂದೇ ಸೊಟ್ಟ ಹೊಲಿಗೆ ಹಾಕಿದ್ದು, ನಾಲ್ಕು ತೂತಿನ ಜಾಗದಲ್ಲಿ ಒಂಬತ್ತು ಕೊರೆದದ್ದು, ಮೇಷ್ಟ್ರಿಗೆ ತೋರಿಸದಂತೆ ತಡೆದದ್ದು, ಹರಿದದ್ದು ಯಾಕೆಂದು ನೋಡಿದ ಕೂಡಲೇ ತಿಳಿದರೂ ತಪ್ಪನ್ನು ಅವನ ತಲೆಗೇ ಕಟ್ಟಿದ್ದು. ಯಾರ ಕೈ ಹಿಡಿದಿದ್ದರೂ ಅದು ಹರಿಯುತ್ತಿತ್ತು, ಮಗುವಿನ ಕೈ ಹಿಡಿದಿದ್ದರೂ, ಎಂದೆ.

ಅವನು ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತೋ. ಅವನು ತನ್ನ ಎರಡೂ ಅಂಗೈ ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದ. ಮಾತಾಡಿದ್ದು ಅವನ ಹೆಂಡತಿ.

"ಇಪ್ಪತ್ತಾರು ವರ್ಷ ಬಸ್ ಓಡಿಸಿದ ಕೈ ಅದು. ಒಬ್ಬರನ್ನೂ ಬೀಳಿಸಿಲ್ಲ. ನನ್ನನ್ನ ಬೀಳಿಸಿದೆ ಅಂತ ಆವತ್ತಿಂದ ಕೆಲಸಕ್ಕೂ ಹೋಗಿಲ್ಲ. ಇನ್ನು ಸ್ಟಿಯರಿಂಗ್ ಹಿಡಿಯೋಕೆ ಹೆದರಿಕೆ ಅಂತಾರೆ."

ಇದು ನನಗೆ ಗೊತ್ತಿರಲಿಲ್ಲ. ಸೀಮೆಸುಣ್ಣದ ಅಕ್ಷರಗಳ ಮೇಲೆ ನಿಂತಿದ್ದೆ. ಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ.

ಡ್ರೈವರ್ ತಲೆಯೆತ್ತಿದ. ಬಿದ್ದದ್ದರ ಬಗ್ಗೆ ಕೇಳಲಿಲ್ಲ, ಬೆಲ್ಟಿನ ಬಗ್ಗೆಯೂ ಅಲ್ಲ.

"ಮೂವತ್ತೊಂದು ವರ್ಷವಾ?" ಎಂದ. "ಹಾಗಾದ್ರೆ ಮೊದಲನೇ ದಿನ ನಾನು ಅಷ್ಟೇನೂ ಕೆಟ್ಟದಾಗಿ ಹೊಲಿದಿರಲಿಲ್ಲ, ಅಲ್ವಾ?"

ನನಗೆ ಅಳು ಬಂತು. ಅತ್ತುಬಿಟ್ಟೆ. ಐವತ್ತೈದರ ಗಂಡಸು, ಪರರ ಮನೆಯ ನಡುಮನೆಯಲ್ಲಿ. ಜೇಬಿನಿಂದ ಅವನ ಆ ತುಂಡು ತೆಗೆದು ಕೊಟ್ಟೆ. ಎಳೆದು ನೋಡಿ ಎಂದೆ. ಅವನು ಎಳೆದ. ಮೊರದಂಥ ಆ ಕೈಗಳಿಗೂ ಅದು ಬಗ್ಗಲಿಲ್ಲ. ಮತ್ತೊಮ್ಮೆ ಎಳೆದ. ಹೆಂಡತಿ ಬಲಗೈ ಚಾಚಿ ಅದನ್ನು ಇಸಿದುಕೊಂಡು ಹತ್ತಿರದಿಂದ ನೋಡಿದಳು.

"ನಿಮ್ಮನ್ನ ಕ್ಷಮಿಸ್ತೀನೋ ಇಲ್ವೋ, ಈಗ ನನಗೆ ಗೊತ್ತಿಲ್ಲ," ಎಂದ ಡ್ರೈವರ್. "ನೀವಿನ್ನು ಹೊರಡಿ."

ಹೊರಟೆ.

ಮುಂದಿನ ಭಾನುವಾರ ತರಗತಿಯಲ್ಲಿ ಎದ್ದುನಿಂತು ನನ್ನ ಕಸುಬು ಹೇಳಿದೆ. ಲೈಬ್ರರಿಯ ಹೆಂಗಸು ಕಿಟಕಿಯ ಕಡೆ ನೋಡಿದಳು. ಗೆಳತಿಯರಲ್ಲಿ ಒಬ್ಬಳು, ಹಾಗಾದರೆ ಆ ಸೊಟ್ಟ ಹೊಲಿಗೆ ಬೇಕಂತಲೇ ಹಾಕುತ್ತಿದ್ದಿರಾ, ನಾವು ಸಮಾಧಾನ ಮಾಡುತ್ತಿದ್ದೆವಲ್ಲ ಎಂದು ಕೇಳಿದಳು. ಹೌದು ಎಂದೆ. ಡ್ರೈವರ್ ಬಂದಿದ್ದ. ಮೇಜಿನ ಇನ್ನೊಂದು ತುದಿಯಲ್ಲಿ, ನನಗೆ ಬೆನ್ನು ಹಾಕಿ ಕೂತು, ಹೊಸ ಚರ್ಮಕ್ಕೆ ಗೆರೆ ಎಳೆಯುತ್ತಿದ್ದ. ಮೂರು ಭಾನುವಾರ ಹೊಲಿದ. ನನ್ನನ್ನು ಏನೂ ಕೇಳಲಿಲ್ಲ. ನಾನು ಅತ್ತ ಹೋಗಲಿಲ್ಲ. ಮೂರನೆಯ ಭಾನುವಾರ ಮೇಷ್ಟ್ರು ಅವನ ಬೆಲ್ಟಿನ ಹಿಡಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹಿಡಿದು ತಮ್ಮ ಮೈಭಾರವನ್ನೆಲ್ಲ ಬಿಟ್ಟು ಜೋತುಬಿದ್ದರು. ಎದ್ದುನಿಂತು, "ಚೆನ್ನಾಗಿದೆ," ಎಂದರು. ಆ ಕೋಣೆಯಲ್ಲಿ ಅವರು ಆ ಮಾತಾಡಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

ಅದಾಗಿ ಒಂದು ತಿಂಗಳಿಗೆ ಡ್ರೈವರ್ ನನ್ನ ಅಂಗಡಿಗೆ ಬಂದ, ಬಸ್ಸಿನ ಖಾಕಿ ಅಂಗಿಯಲ್ಲೇ. ಅವನ ಹೆಂಡತಿಗೆ ಒಂದೇ ಕೈಯಲ್ಲಿ ಹಾಕಿಕೊಳ್ಳಲು ಬರುವಂಥ, ಮುಂದುಗಡೆ ತೆರೆಯುವ ಗೌನು ಬೇಕಂತೆ, ಅಳತೆಗೆ ಬರಬೇಕಂತೆ. ಅವರನ್ನೇ ಕರೆಯಿರಿ ಎಂದು ಅವಳೇ ಹೇಳಿದ್ದಂತೆ. ತನಗೆ ಮನಸ್ಸಿರಲಿಲ್ಲ ಎಂಬುದನ್ನೂ ಅವನು ಮುಚ್ಚಿಡಲಿಲ್ಲ. ಟೇಪನ್ನು ಕತ್ತಿಗೆ ಹಾಕಿಕೊಂಡು ಅವನ ಹಿಂದೆ ನಡೆದೆ.

ನೆಲದ ಮೇಲಿನ ಸ್ಟಾಪುಗಳಿಗೆ ಹೊಸದಾಗಿ ಸೀಮೆಸುಣ್ಣ ಬಿದ್ದಿತ್ತು. ಕೂತೇ ಇರಿ, ಹಾಗೇ ಅಳತೆ ತೆಗೆಯುತ್ತೇನೆ ಎಂದೆ. ಕೂತವರಿಗೆ ಹೊಲಿದ ಬಟ್ಟೆ ನಿಂತರೆ ಸರಿಬರುತ್ತದೆಯೇ ಎಂದು ಅವಳು ಗದರಿದಳು. ಡ್ರೈವರ್ ಅವಳ ಸೊಂಟಕ್ಕೆ ಬೆಲ್ಟು ಬಿಗಿದು ಹಿಡಿಗೆ ಕೈ ಹಾಕಿದ. ಅವಳು ಎದ್ದು ನಿಂತಳು. ಮೊದಲು ಸ್ವಲ್ಪ ತೂಗಾಡಿದಳು, ಆಮೇಲೆ ನಿಂತಳು.

ಭುಜ, ತೋಳು, ಸೊಂಟ ಮುಗಿಸಿ, ಉದ್ದ ಗುರುತು ಹಾಕಲು ತುಟಿಯಲ್ಲಿ ಪಿನ್ನು ಕಚ್ಚಿಕೊಂಡು ಮಂಡಿಯೂರಿದೆ. ಬೆಲ್ಟು ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಹೊಲಿಗೆ ಮೇಲೆ ಹೋಗಿ ಕೆಳಗೆ ಬಂದು ಬೆಟ್ಟದ ರಸ್ತೆಯ ಹಾಗೇ ಇತ್ತು. ಬೆರಳಗಲಕ್ಕೆ ನಾಲ್ಕು ತೂತು. ಅವಳ ಭಾರವೆಲ್ಲ ಅದರ ಮೇಲಿತ್ತು.

ಮೇಲಿನಿಂದ ಅವಳ ದನಿ ಕೇಳಿತು.

"ಸೂಜಿ ಹಿಡಿದು ಗೊತ್ತಾ ನಿಮಗೆ?"

ತುಟಿಯ ತುಂಬ ಪಿನ್ನುಗಳಿದ್ದವು. ಗೊತ್ತು ಎಂದು ತಲೆಯಾಡಿಸಿದೆ, ಮೇಲೆ ನೋಡಲಿಲ್ಲ.